ಆನಿಕೆ ಗೋಡೆಗಳನ್ನು ನೋಡಲು ಹೊರಡುವವರಿಗೆ: ಶಾರ್ತ್ರ್, ಅಮಿಯಾಂ, ಬೋವೆ
ಫ್ರಾನ್ಸಿನ ಗಾಥಿಕ್ ಕ್ಯಾಥೆಡ್ರಲ್‌ಗಳಿಗೆ ಹೋಗುವ ಬಹುತೇಕರು ಮುಂಬಾಗಿಲಿನ ಶಿಲ್ಪಗಳನ್ನು ಕಂಡು, ಒಳಗಿನ ಬಣ್ಣದ ಗಾಜನ್ನು ಮೆಚ್ಚಿ, ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ. ಅಷ್ಟು ಗಾಜಿಗೆ ಗೋಡೆಯಲ್ಲಿ ಜಾಗ ಮಾಡಿಕೊಟ್ಟಿರುವುದು ಹೊರಗೆ ನಿಂತಿರುವ ಆನಿಕೆ ಗೋಡೆಗಳು, ಅಂದರೆ ಬಟ್ರೆಸ್‌ಗಳು. ಅವನ್ನೇ ನೋಡಬೇಕೆಂದು ನಾನು ಮೂರು ಊರುಗಳನ್ನು ಸುತ್ತಿದೆ. ವಿಮಾನ ಬೋವೆಯಲ್ಲೇ ಇಳಿದದ್ದರಿಂದ ಮೊದಲು ಆ ಊರನ್ನು ನೋಡಿ ಮುಗಿಸಿದೆ; ಕಂಡದ್ದು ಅರ್ಧವೂ ಅರ್ಥವಾಗದೆ ಕೊನೆಗೆ ಮತ್ತೊಮ್ಮೆ ಅಲ್ಲಿಗೆ ಹೋಗಬೇಕಾಯಿತು. ಶೀರ್ಷಿಕೆಯಲ್ಲಿರುವ ಕ್ರಮವೇ ಸರಿಯಾದ ಕ್ರಮ.

ಪ್ಯಾರಿಸ್ಸಿನ ಮೊಂಪರ್ನಾಸ್ ನಿಲ್ದಾಣದಿಂದ ಶಾರ್ತ್ರ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. 1194ರ ಬೆಂಕಿಯ ನಂತರ ಬಹುಮಟ್ಟಿಗೆ ಹೊಸದಾಗಿ ಕಟ್ಟಿದ ಈ ಕ್ಯಾಥೆಡ್ರಲ್‌ನಲ್ಲಿ ಒಳಗೆ ಹೋಗುವ ಮೊದಲು ದಕ್ಷಿಣದ ಪಕ್ಕಕ್ಕೆ ಬನ್ನಿ. ಕಲ್ಲಿನ ಕಮಾನು ಚಾವಣಿಯ ಭಾರ ನೇರವಾಗಿ ಕೆಳಗಿಳಿಯುವುದಿಲ್ಲ, ಗೋಡೆಯ ತಲೆಯನ್ನು ಹೊರಕ್ಕೂ ದೂಡುತ್ತದೆ. ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಎರಡು ಇಸ್ಪೀಟಿನ ಎಲೆಗಳ ಬುಡ ಜಾರುವಂತೆ, ತೆಳುವಾದ ಎತ್ತರದ ಗೋಡೆ ಈ ತಳ್ಳಿಗೆ ಹೊರಕ್ಕೆ ವಾಲುತ್ತದೆ. ಉದ್ದಕ್ಕೂ ಗೋಡೆಯನ್ನು ದಪ್ಪ ಮಾಡುವುದು ಒಂದು ದಾರಿ. ಒತ್ತಡ ಬಂದು ಸೇರುವ ಜಾಗಗಳಲ್ಲಿ ಮಾತ್ರ ಗೋಡೆಗೆ ಅಡ್ಡವಾಗಿ ಆಳವಾದ ಆನಿಕೆಗಳನ್ನು ಕಟ್ಟುವುದು ಇನ್ನೊಂದು. ಭಾರವೂ ತಳ್ಳೂ ಕೂಡಿ ಓರೆಯಾಗಿ ಸಾಗುವ ಬಲದ ಗೆರೆ ಆ ಆಳದೊಳಗೇ ಇಳಿದು ನೆಲ ಸೇರಿದರೆ ಗೋಡೆ ಉಳಿಯುತ್ತದೆ. ಪಕ್ಕದ ಹಜಾರಗಳ ಚಾವಣಿಯ ಮೇಲಿಂದ ಅರ್ಧ ಕಮಾನಿನಂತೆ ಚಾಚಿ ಆ ತಳ್ಳನ್ನು ಆನಿಕೆಗೆ ದಾಟಿಸುವುದೇ ಫ್ಲೈಯಿಂಗ್ ಬಟ್ರೆಸ್. ಶಾರ್ತ್ರ್‌ನಲ್ಲಿ ಇಂತಹ ಎರಡು ಕಮಾನುಗಳ ನಡುವೆ ಗಾಡಿಯ ಚಕ್ರದ ಅರಗಳಂತೆ ಗಿಡ್ಡ ಕಂಬಗಳು ಕೂತಿವೆ. ಕೆಳಗಿನಿಂದ ಇವು ಆಟಿಕೆಯಂತೆ ಕಾಣುತ್ತವೆ, ಆದ್ದರಿಂದ ದುರ್ಬೀನು ಒಯ್ಯುವುದನ್ನು ಮರೆಯಬೇಡಿ.

ಅಮಿಯಾಂಗೆ ಹೊರಡುವುದು ಪ್ಯಾರಿಸ್ಸಿನ ಗಾರ್ ದ್ಯು ನಾರ್‌ನಿಂದ. 1220ರಲ್ಲಿ ಆರಂಭವಾದ ಈ ಕಟ್ಟಡದ ಚಾವಣಿ 42 ಮೀಟರಿಗೂ ತುಸು ಹೆಚ್ಚು ಎತ್ತರದಲ್ಲಿದೆ. ಮೊದಲು ಕಟ್ಟಿದ ಆನಿಕೆ ಕಮಾನುಗಳು ಗೋಡೆಯನ್ನು ತಾಗಿದ ಜಾಗ ತೀರ ಮೇಲಾದ್ದರಿಂದ, ನಂತರದವರು ಕೆಳಗೆ ಇನ್ನೊಂದು ಸಾಲನ್ನು ಸೇರಿಸಬೇಕಾಯಿತು. ಆನಿಕೆ ಇದ್ದರಷ್ಟೇ ಸಾಲದು, ತಳ್ಳು ಬರುವ ಮಟ್ಟಕ್ಕೆ ಅದು ತಾಗಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆನಿಕೆಗಳ ತುದಿಯ ಕಲ್ಲಿನ ಶಿಖರಗಳನ್ನೂ ಗಮನಿಸಿ. ಅಲಂಕಾರವೆಂದು ತೋರಿದರೂ ಅವುಗಳ ಭಾರವು ಓರೆ ಬಲವನ್ನು ಕೆಳಮುಖವಾಗಿ ತಿರುಗಿಸಲು ನೆರವಾಗುತ್ತದೆ.

ಬೋವೆಗೂ ಗಾರ್ ದ್ಯು ನಾರ್‌ನಿಂದಲೇ ರೈಲು. ಇದಕ್ಕೆ ಇಡೀ ದಿನ ಮೀಸಲಿಡಿ. 1225ರಲ್ಲಿ ಆರಂಭಿಸಿ ಸುಮಾರು 48 ಮೀಟರ್ ಎತ್ತರಕ್ಕೇರಿಸಿದ ಗರ್ಭಾಂಗಣದ, ಅಂದರೆ ಬಲಿಪೀಠವಿರುವ ಪೂರ್ವ ಭಾಗದ, ಚಾವಣಿಯ ಒಂದು ಭಾಗ 1284ರಲ್ಲಿ ಕುಸಿಯಿತು. ಕಾರಣದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ, ಆದರೆ ರಿಪೇರಿ ಮಾಡಿದವರು ಕಂಬಗಳ ನಡುನಡುವೆ ಹೊಸ ಕಂಬಗಳನ್ನು ಎಬ್ಬಿಸಿದ್ದು ಒಳಗೆ ನಿಂತರೆ ಎದ್ದು ಕಾಣುತ್ತದೆ: ಕೆಳಗಿನ ಕಮಾನುಗಳು ಇಕ್ಕಟ್ಟಾಗಿ, ಚೂಪಾಗಿ ಒತ್ತಿಕೊಂಡಿವೆ. 1569ರಲ್ಲಿ ಮುಗಿದ ಮಹಾಗೋಪುರವೂ 1573ರಲ್ಲಿ ಉರುಳಿತು. ಹೊರಗೆ ಬಂದು ಮೇಲೆ ನೋಡಿದರೆ ಆನಿಕೆಯಿಂದ ಆನಿಕೆಗೆ ಬಿಗಿದ ಲೋಹದ ಸರಳುಗಳು ಕಾಣುತ್ತವೆ. 1960ರ ದಶಕದಲ್ಲಿ ಇಂತಹ ಸರಳುಗಳನ್ನು ಕುರೂಪವೆಂದು ತೆಗೆದಾಗ ಗಾಳಿಗೆ ಕಟ್ಟಡ ತೂಗತೊಡಗಿ, ಮತ್ತೆ ಹಾಕಬೇಕಾಯಿತು. ನನ್ನ ಮೊದಲ ಭೇಟಿಯಲ್ಲಿ ಅವನ್ನು ಯಾವುದೋ ವಿದ್ಯುತ್ ಕೆಲಸದ ಸಾಮಾನೆಂದು ತಿಳಿದು ಫೋಟೊದಿಂದ ಹೊರಗಿಟ್ಟಿದ್ದೆ.

ಒಳಗೆ ಅಡ್ಡ ಹಜಾರದಲ್ಲಿ ನಿಲ್ಲಿಸಿರುವ ಮರ ಮತ್ತು ಉಕ್ಕಿನ ಆಸರೆಗಳನ್ನು ನೋಡಿದ ಮೇಲೆ ಪಶ್ಚಿಮಕ್ಕೆ ಸುತ್ತಿ ಬನ್ನಿ. ಅಲ್ಲಿ ಮುಖ್ಯ ಹಜಾರವನ್ನು ಕಟ್ಟಲೇ ಇಲ್ಲ. ಅದು ಬರಬೇಕಿದ್ದ ಜಾಗದಲ್ಲಿ ಹತ್ತನೆಯ ಶತಮಾನದ ಗಿಡ್ಡ ಹಳೆಯ ಚರ್ಚಿನ ಉಳಿದ ಭಾಗ ಈಗಲೂ ನಿಂತಿದೆ, ಅದರ ಮೇಲಿರುವುದು ಹಗುರವಾದ ಮರದ ಮಾಡು.