ಆಳು ಬದಲಾದ್ರೂ ಬ್ಯಾಂಡ್ ಅದೇನಾ
ಮಡಿಕೇರೀಲಿ ಮಳೆ, ಕರೆಂಟಿಲ್ಲ, ಫೋನಲ್ಲಿರೋ ಇಂಡಿಯನ್ ಓಷನ್ ಅನ್ನೋ ಬ್ಯಾಂಡಿನ ಹಾಡುಗಳೇ ಗತಿ. 1990ರಲ್ಲಿ ದೆಹಲೀಲಿ ಈ ಬ್ಯಾಂಡ್ ಶುರು ಮಾಡಿದ್ದು ಸುಸ್ಮಿತ್ ಸೇನ್, ಅಶೀಮ್ ಚಕ್ರವರ್ತಿ, ಈಗ ಇಬ್ರೂ ಬ್ಯಾಂಡಲ್ಲಿಲ್ಲ. ತಬಲಾ ಬಾರಿಸ್ತಾನೇ ಹಾಡ್ತಿದ್ದ ಅಶೀಮ್ 2009ರ ಡಿಸೆಂಬರಲ್ಲಿ ತೀರ್ಕೊಂಡ್ರು, 2013ರಲ್ಲಿ ಸುಸ್ಮಿತ್ ಬಿಟ್ಟೋದ್ರು, ಗಿಟಾರಿಗೆ ನಿಖಿಲ್ ರಾವ್ ಬಂದ್ರು, ರಾಹುಲ್ ರಾಮ್ ಮಾತ್ರ ಬೇಸ್ ಗಿಟಾರ್ ಹಿಡ್ಕೊಂಡು ಅಲ್ಲೇ ಇದಾರೆ. ನಮ್ಮ ಮದ್ವೆ ಮನೇಲಿ ವಾಲಗ ಊದೋರು ಅಜ್ಜನ ಕಾಲದವ್ರೇನಲ್ಲ, ಆದ್ರೂ ಸದ್ದು ಕೇಳಿದ್ ಕೂಡ್ಲೇ ಕಾಲು ತಾನಾಗೇ ಕುಣಿಯತ್ತೆ, ಇದೂ ಹಂಗೇ ಇರ್ಬೋದು. ಆದ್ರೂ ನಂಗೆ 2000ದ ಕಂದೀಸಾ ಆಲ್ಬಮ್ಮೇ ಬೇಕು, ಅಶೀಮ್ ದನಿ ಬಂದಲ್ಲಿ ರಿವೈಂಡ್ ಮಾಡ್ತೀನಿ, ಹಠ ಅಂತಾದ್ರೂ ಅನ್ಕೊಳ್ಳಿ. ಬೆಂಗಳೂರಲ್ಲಿ ಇವ್ರ ಶೋ ಇದ್ರೆ ಹೇಳ್ರಪ್ಪಾ, ಕಾರಲ್ಲಿ ಎರಡು ಸೀಟ್ ಖಾಲಿ ಇದೆ, ಡೀಸೆಲ್ ಮಾತ್ರ ಶೇರ್!