ಮನೆಗೆ ವೈ-ಫೈ ಕ್ಯಾಮೆರಾ: ಕರೆಂಟ್ ಹೋದಾಗ ಅದು ಏನು ಮಾಡುತ್ತದೆ?

ಮೈಸೂರಿನ ಕುವೆಂಪುನಗರ, ದಟ್ಟಗಳ್ಳಿ, ಬೋಗಾದಿ ಕಡೆಯ ಎಷ್ಟೋ ಮನೆಗಳಲ್ಲಿ ಈಗ ವಯಸ್ಸಾದ ತಂದೆ ತಾಯಿ ಇಬ್ಬರೇ ಇರುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ಗೇಟಿನ ಬಳಿ ಯಾರು ನಿಂತಿದ್ದಾರೆಂಬುದು ಫೋನಿನಲ್ಲಿ ಕಂಡರೆ ಸಾಕೆಂದು ಬಯಸುತ್ತಾರೆ. ಹೀಗೆ ಕ್ಯಾಮೆರಾ ಹಾಕಿಸಲು ಹೊರಟ ನೆಂಟರು ನನ್ನನ್ನು ಸಾಮಾನ್ಯವಾಗಿ ಕೇಳುವುದು, ಎಷ್ಟು ಮೆಗಾಪಿಕ್ಸೆಲ್‌ನದ್ದು ತರಬೇಕು ಎಂದು. ಅದಕ್ಕಿಂತ ಮೊದಲು ತಿಳಿಯಬೇಕಾದದ್ದು ಬೇರೆಯೇ ಇದೆ: ಅಪರಾತ್ರಿಯಲ್ಲಿ ಮಳೆ ಹೊಡೆದು ಕರೆಂಟ್ ಹೋದಾಗ ಆ ಕ್ಯಾಮೆರಾ ಏನು ಮಾಡುತ್ತದೆ? ನಂಬಬಹುದಾದ ಕ್ಯಾಮೆರಾವನ್ನು ಉಳಿದವುಗಳಿಂದ ಬೇರ್ಪಡಿಸುವುದು ಈ ಪ್ರಶ್ನೆಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಂಗಡಿಯಲ್ಲಿ ಸಿಗುವ ಬಹುತೇಕ ವೈ-ಫೈ ಕ್ಯಾಮೆರಾಗಳಿಗೆ ಅಡಾಪ್ಟರಿನ ತಂತಿ ಬೇಕೇ ಬೇಕು. ದೃಶ್ಯ ಮಾತ್ರ ತಂತಿಯಿಲ್ಲದೆ ರೂಟರಿಗೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಯುಪಿಎಸ್ ಇದ್ದರೂ ಅದರ ಲೈನು ಹಾಲ್, ಅಡುಗೆಮನೆ, ಮಲಗುವ ಕೋಣೆಗಳ ದೀಪ ಮತ್ತು ಫ್ಯಾನುಗಳಿಗಷ್ಟೇ ಹೋಗಿರುತ್ತದೆ, ಪೋರ್ಟಿಕೋದ ಪ್ಲಗ್ ಪಾಯಿಂಟ್ ಹಾಗೂ ಟಿವಿ ಪಕ್ಕದ ರೂಟರಿನ ಪಾಯಿಂಟ್ ಎರಡೂ ಅದರಿಂದ ಹೊರಗೇ ಉಳಿದಿರುತ್ತವೆ. ಆದ್ದರಿಂದ ಕ್ಯಾಮೆರಾ ಕೊಳ್ಳುವ ಮೊದಲೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಆ ಎರಡು ಪಾಯಿಂಟುಗಳನ್ನು ಯುಪಿಎಸ್ ಲೈನಿಗೆ ಸೇರಿಸಬೇಕು. ಯುಪಿಎಸ್ ಇಲ್ಲದ ಮನೆಯಲ್ಲಿ ರೂಟರಿಗೂ ಕ್ಯಾಮೆರಾಕ್ಕೂ ಸಣ್ಣ ಮಿನಿ ಯುಪಿಎಸ್ ಸಾಕಾಗುತ್ತದೆ, ಆದರೆ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿಯೇ ತರಬೇಕು. ಕರೆಂಟ್ ಮರಳಿದ ಮೇಲೆ ಯಾರೂ ಮುಟ್ಟದೆ ಕ್ಯಾಮೆರಾ ತಾನೇ ರೂಟರಿಗೆ ಸೇರಿ ರೆಕಾರ್ಡಿಂಗ್ ಮುಂದುವರಿಸುತ್ತದೆಯೇ ಎಂಬುದನ್ನು, ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಮೇನ್ ಸ್ವಿಚ್ ಆರಿಸಿ ಪರೀಕ್ಷಿಸಿಕೊಳ್ಳಿ. ಮಗ ಬಂದು ಸರಿಮಾಡುವವರೆಗೆ ಸುಮ್ಮನೆ ಗೋಡೆಯ ಮೇಲಿರುವ ಕ್ಯಾಮೆರಾದಿಂದ ವಯಸ್ಸಾದವರಿಗೆ ಸಿಗುವುದು ಸುಳ್ಳು ಧೈರ್ಯ ಮಾತ್ರ.

ಮನೆಯಲ್ಲಿ ಯುಪಿಎಸ್ ಇದ್ದರೂ ಬೀದಿಯ ಇಂಟರ್ನೆಟ್ ನಿಂತುಹೋಗಬಹುದು. ಆಗ ಫೋನಿಗೆ ಏನೂ ಬರುವುದಿಲ್ಲ. ದೃಶ್ಯವನ್ನು ಕ್ಲೌಡಿಗೆ, ಅಂದರೆ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರಿಗೆ ಮಾತ್ರ ಕಳುಹಿಸುವ ಕ್ಯಾಮೆರಾ ಆ ಹೊತ್ತಿನಲ್ಲಿ ನಿರುಪಯೋಗಿ. ಒಳಗೆ ಮೈಕ್ರೋ ಎಸ್‌ಡಿ ಕಾರ್ಡ್ ಹಾಕಿ, ಇಂಟರ್ನೆಟ್ ಇಲ್ಲದಿದ್ದರೂ ರೆಕಾರ್ಡ್ ಮಾಡುವಂಥದ್ದನ್ನೇ ಆರಿಸಬೇಕು. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ಎಡೆಬಿಡದೆ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 21 ಜಿಬಿ ತುಂಬುತ್ತದೆ, ಅಂದರೆ 128 ಜಿಬಿ ಕಾರ್ಡಿನಲ್ಲಿ ಐದಾರು ದಿನಗಳ ದೃಶ್ಯವಷ್ಟೇ ಉಳಿದು ಹಳೆಯದು ಅಳಿಸುತ್ತಾ ಹೋಗುತ್ತದೆ. ದಸರಾ ರಜೆಗೆ ಮನೆಗೆ ಬೀಗ ಹಾಕಿ ಹತ್ತು ದಿನ ಊರಿಗೆ ಹೋಗುವವರು ಇದನ್ನು ಗಮನಿಸಿ ದೊಡ್ಡ ಕಾರ್ಡ್ ಹಾಕಬೇಕು. ಸಾಮಾನ್ಯ ಕಾರ್ಡುಗಳು ಹಗಲಿರುಳು ಬರೆದು ಅಳಿಸುವ ಕೆಲಸಕ್ಕೆ ಬೇಗ ಸವೆಯುತ್ತವೆ; ಇದಕ್ಕೆಂದೇ ‘ಹೈ ಎಂಡ್ಯೂರೆನ್ಸ್’ ಎಂದು ಬರೆದಿರುವ ಕಾರ್ಡುಗಳಿವೆ. ಕಳ್ಳ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೆ ಕಾರ್ಡೂ ಹೋಗುತ್ತದೆ ಎಂಬ ಆತಂಕ ನ್ಯಾಯವಾದದ್ದೇ. ಅದಕ್ಕಾಗಿ ಆರ್‌ಟಿಎಸ್‌ಪಿ ಅಥವಾ ಆನ್‌ವಿಫ್ (ಬೇರೆ ಬೇರೆ ಕಂಪನಿಗಳ ಸಾಧನಗಳು ದೃಶ್ಯ ಹಂಚಿಕೊಳ್ಳಲು ಬಳಸುವ ಸಾಮಾನ್ಯ ವಿಧಾನಗಳು) ಸೌಲಭ್ಯವಿರುವ ಕ್ಯಾಮೆರಾ ತಂದರೆ, ಮುಂದೆ ಬೇರೆ ಕಂಪನಿಯ ರೆಕಾರ್ಡರನ್ನು ಒಳಕೋಣೆಯಲ್ಲಿಟ್ಟು ಅದರಲ್ಲಿಯೂ ದೃಶ್ಯ ಉಳಿಸಬಹುದು.

ಬ್ಯಾಟರಿ ಮತ್ತು ಸೋಲಾರ್ ಕ್ಯಾಮೆರಾಗಳ ವಿಷಯ ಬೇರೆ. ಚಾರ್ಜ್ ಉಳಿಸಲು ಅವು ಬಹುಮಟ್ಟಿಗೆ ನಿದ್ರೆಯಲ್ಲಿದ್ದು, ಯಾರಾದರೂ ಹಾದುಹೋದಾಗ ಎಚ್ಚರಗೊಳ್ಳುತ್ತವೆ, ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಕ್ಷಣಗಳು ತಪ್ಪಿಹೋಗಬಹುದು. ಮನೆಯ ಗೇಟಿಗೆ ನಾನು ಅವುಗಳನ್ನು ಸೂಚಿಸುವುದಿಲ್ಲ. ಮಂಡ್ಯ ಕಡೆಯ ಗದ್ದೆ ತೋಟಗಳಲ್ಲಿ, ಕರೆಂಟ್ ಯಾವಾಗಲೂ ಇರದ, ವೈ-ಫೈ ಇಲ್ಲವೇ ಇಲ್ಲದ ಪಂಪ್‌ಸೆಟ್ ಮನೆಯ ಕೇಬಲ್ ಕಾಯಲು ಮಾತ್ರ 4ಜಿ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ನಿಜಕ್ಕೂ ಉಪಯುಕ್ತ. ಯಾವ ಕಂಪನಿಯ ಸಿಗ್ನಲ್ ಅಲ್ಲಿ ಚೆನ್ನಾಗಿದೆಯೆಂದು ಮೊದಲು ಫೋನಿನಲ್ಲಿಯೇ ನೋಡಿಕೊಂಡರಾಯಿತು.

ಇನ್ನು ಮೆಗಾಪಿಕ್ಸೆಲ್. ಅಪರಿಚಿತನೊಬ್ಬನ ಗುರುತು ಹಿಡಿಯಲು ದೃಶ್ಯದ ಅಗಲದ ಪ್ರತಿ ಮೀಟರಿಗೆ 250 ಪಿಕ್ಸೆಲ್ ಬೇಕೆಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಅಳತೆ. 1080ಪಿ, ಅಂದರೆ ಸುಮಾರು 2 ಮೆಗಾಪಿಕ್ಸೆಲ್‌ನ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ತೊಂಬತ್ತು ಡಿಗ್ರಿಯಷ್ಟು ಅಗಲ ನೋಡುವ ಮಸೂರದಲ್ಲಿ ಈ ಸ್ಪಷ್ಟತೆ ಸುಮಾರು 12 ಅಡಿಯವರೆಗೆ ಮಾತ್ರ ಸಿಗುತ್ತದೆ. 30×40 ಸೈಟಿನ ಮನೆಯಲ್ಲಿ ಪೋರ್ಟಿಕೋದಿಂದ ಗೇಟಿಗಿರುವ ದೂರಕ್ಕೆ ಇದು ಸಾಲಬಹುದು. ದೊಡ್ಡ ಕಾಂಪೌಂಡಿನ ಹಳೆಯ ಮನೆಗಳಿಗೆ ಹೆಚ್ಚಿನ ಪಿಕ್ಸೆಲ್ ಬೇಕು, ಇಲ್ಲವೇ ಕ್ಯಾಮೆರಾವನ್ನೇ ಗೇಟಿನ ಹತ್ತಿರಕ್ಕೆ ತರಬೇಕು. ಹತ್ತಿರಕ್ಕೆ ತಂದರೆ ರೂಟರ್ ದೂರವಾಗುತ್ತದೆ. ಬಹಳಷ್ಟು ಕ್ಯಾಮೆರಾಗಳು ಬಳಸುವುದು 2.4 ಗಿಗಾಹರ್ಟ್ಸ್ ವೈ-ಫೈ. ಅದು 5 ಗಿಗಾಹರ್ಟ್ಸ್‌ಗಿಂತ ಗೋಡೆಗಳನ್ನು ಚೆನ್ನಾಗಿ ದಾಟುತ್ತದೆಯಾದರೂ, ಒಂಟಿಕೊಪ್ಪಲಿನಂಥ ಹಳೆಯ ಬಡಾವಣೆಗಳ ದಪ್ಪ ಗೋಡೆಗಳ ಮುಂದೆ ಅದೂ ಸೋಲಬಹುದು. ಮೊಳೆ ಹೊಡೆಯುವ ಮೊದಲು ಕ್ಯಾಮೆರಾವನ್ನು ಆ ಜಾಗದಲ್ಲಿ ಒಂದು ದಿನ ಹಾಗೆಯೇ ಇಟ್ಟು ನೋಡುವುದು ಒಳ್ಳೆಯದು. ಹೊರಗೆ ಹಾಕುವುದಕ್ಕೆ ಧೂಳು, ನೀರು ತಡೆಯುವ ಮಟ್ಟವನ್ನು ಹೇಳುವ ಐಪಿ 65 ಅಥವಾ ಅದಕ್ಕೂ ಮೇಲಿನ ಗುರುತು ಇರಲಿ. ಮಸೂರವನ್ನು ಆಗಾಗ ಒರೆಸಿ: ರಾತ್ರಿ ಕ್ಯಾಮೆರಾದ ಬೆಳಕಿಗೆ ಹುಳುಗಳು ಬರುತ್ತವೆ, ಹುಳುಗಳಿಗಾಗಿ ಜೇಡ ಬಲೆ ಕಟ್ಟುತ್ತದೆ, ಆ ಬಲೆ ಅಲುಗಿದಾಗಲೆಲ್ಲ ಫೋನಿಗೆ ಸೂಚನೆ ಬರುತ್ತದೆ. ಸುಳ್ಳು ಸೂಚನೆಗಳಿಂದ ಬೇಸತ್ತ ಹಿರಿಯರು ಕೊನೆಗೆ ಸದ್ದನ್ನೇ ಆರಿಸಿಬಿಡುತ್ತಾರೆ.

ಮನೆ ಕಾಯಬೇಕಾದ ಕ್ಯಾಮೆರಾದ ಮೂಲಕವೇ ಹೊರಗಿನವರು ಒಳಗೆ ಇಣುಕಬಾರದು. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಅಸಂಖ್ಯ ಕ್ಯಾಮೆರಾ ಮತ್ತು ರೆಕಾರ್ಡರುಗಳನ್ನು ವಶಪಡಿಸಿಕೊಂಡು, ಅವುಗಳ ಮೂಲಕ ದೊಡ್ಡ ದೊಡ್ಡ ಜಾಲತಾಣಗಳನ್ನೇ ಸ್ಥಗಿತಗೊಳಿಸಿತ್ತು. ನಮ್ಮ ದೇಶದಲ್ಲಿ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳು ಗೂಢಲಿಪೀಕರಣ, ತಂತ್ರಾಂಶದ ಸುರಕ್ಷತೆ ಮುಂತಾದ ಪರೀಕ್ಷೆಗಳಲ್ಲಿ ಉತ್ತೀರ್ಣವಾಗಬೇಕೆಂಬ ನಿಯಮ ಜಾರಿಗೆ ಬಂದಿದೆ. ಹೆಸರೇ ಕೇಳಿರದ ಕಂಪನಿಯ ಅಗ್ಗದ ಕ್ಯಾಮೆರಾಕ್ಕೆ ಕೈಹಾಕುವ ಮೊದಲು ಪೆಟ್ಟಿಗೆಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಯ ಗುರುತನ್ನು ಹುಡುಕಿ. ಪಾಸ್‌ವರ್ಡ್ ನಿಮ್ಮದೇ ಆಗಿರಲಿ, ಹಾಕಿಕೊಟ್ಟ ಹುಡುಗನ ಫೋನಿನಲ್ಲಿ ಆ ಖಾತೆ ಉಳಿಯದಿರಲಿ.

ಅಕ್ಕಪಕ್ಕದವರ ಮಾತನ್ನೂ ಇಲ್ಲಿ ಹೇಳಲೇಬೇಕು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ನೀಡಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಕಾಂಪೌಂಡಿಗೆ ಕಾಂಪೌಂಡು ತಾಗಿರುವ ನಮ್ಮ ಬೀದಿಗಳಲ್ಲಿ ಕ್ಯಾಮೆರಾ ಸ್ವಲ್ಪ ತಿರುಗಿದರೂ ಪಕ್ಕದ ಮನೆಯ ಹಿತ್ತಲು, ಕಿಟಕಿ ಕಾಣುತ್ತದೆ. ಆ ಭಾಗವನ್ನು ಮರೆಮಾಡುವ ‘ಪ್ರೈವೆಸಿ ಝೋನ್’ ಸೌಲಭ್ಯ ಅನೇಕ ಆ್ಯಪ್‌ಗಳಲ್ಲಿದೆ. ಅದನ್ನು ಹೊಂದಿಸಿದ ಮೇಲೆ ಪಕ್ಕದ ಮನೆಯವರನ್ನು ಕರೆದು, ಫೋನಿನಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ತೋರಿಸಿಬಿಡಿ.