ಆರನೇ ಹೆಸರು

ಇವತ್ತು ಆಫೀಸಿನಲ್ಲಿ ಪ್ರಮೋಷನ್ ಮೀಟಿಂಗ್ ಇತ್ತು. ಸಾಫ್ಟ್‌ವೇರ್ ಆರ್ಕಿಟೆಕ್ಟ್ ಹುದ್ದೆಗೆ ಐದು ಹೆಸರು, ಐದೂ ಗಂಡಸರದ್ದೇ. ಪೇಮೆಂಟ್ ಸಿಸ್ಟಮ್ ಪೂರ್ತಿ ಕಟ್ಟಿ ನಿಲ್ಲಿಸಿದ ನಮ್ಮ ಟೀಮಿನ ಹುಡುಗಿಯ ಹೆಸರು ಯಾಕಿಲ್ಲ ಅಂತ ಕೇಳಿದೆ. "ಮಗು ಇನ್ನೂ ಚಿಕ್ಕದು, ಅವರಿಗೇ ಕಷ್ಟ ಆಗುತ್ತೆ" ಅಂದರು. ಅವಳನ್ನು ಯಾರಾದರೂ ಒಂದು ಮಾತು ಕೇಳಿದ್ದಾರಾ? ಇಲ್ಲ. ಆ ಐವರಲ್ಲಿ ಮೂವರಿಗೆ ಚಿಕ್ಕ ಮಕ್ಕಳಿದ್ದಾರೆ, ಅದು ಯಾರಿಗೂ ನೆನಪಾಗಲಿಲ್ಲ. ಆರನೇ ಹೆಸರು ಬರೆಸಿಯೇ ಎದ್ದು ಬಂದೆ.

ಮನೆಗೆ ಬರುವಾಗ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಹತ್ತಿರ ಟ್ರಾಫಿಕ್. ರಾಜೇಶ್ವರಿ ಚಟರ್ಜಿ ನೆನಪಾದರು. ಮಿಷಿಗನ್‌ನಲ್ಲಿ ಪಿಎಚ್‌ಡಿ ಮುಗಿಸಿ, 1953ರಲ್ಲಿ ವಾಪಸ್ ಬಂದು ಇಲ್ಲೇ ಮೈಕ್ರೋವೇವ್, ಆಂಟೆನಾ ಕಲಿಸಿದವರು. ಮುಂದೆ ತಮ್ಮ ವಿಭಾಗಕ್ಕೇ ಮುಖ್ಯಸ್ಥೆಯಾದರು. 2019ರ ಚಂದ್ರಯಾನ-2ಕ್ಕೆ ಪ್ರಾಜೆಕ್ಟ್ ಡೈರೆಕ್ಟರ್ ಎಂ. ವನಿತಾ, ಮಿಷನ್ ಡೈರೆಕ್ಟರ್ ರಿತು ಕರಿಧಾಲ್. ಇದೂ ಇದೇ ಬೆಂಗಳೂರಿನ ಕಥೆ ಅಲ್ವಾ? ಇಷ್ಟಾದ ಮೇಲೂ ದೊಡ್ಡ ಹುದ್ದೆಯ ಪಟ್ಟಿ ಬರೆಯುವಾಗ ಹೆಂಗಸರ ಹೆಸರು ಮರೆತುಹೋಗುತ್ತದೆ ಅಂದರೆ ಸಂಕಟವಾಗುತ್ತದೆ.

ರಾತ್ರಿ ಅವಳಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಮಗು ಅಳುತ್ತಿತ್ತು.

"ಇಂಟರ್‌ವ್ಯೂ ಯಾವಾಗ ಅಕ್ಕಾ?" ಅಂದಳು.